ಪಕ್ಕದಲ್ಲಿ ದೊಡ್ಡ ಮಳಿಗೆ ಬಂದರೆ: ಯಶವಂತಪುರದ ಮೆಟ್ರೋ ಜಗಳದಿಂದ ಶೇಷಾದ್ರಿಪುರಂ ಅಂಗಡಿಯವರಿಗೆ ಗೊತ್ತಿರಬೇಕಾದದ್ದು

ಶೇಷಾದ್ರಿಪುರಂ: ದಿವಾನ್ ಶೇಷಾದ್ರಿ ಅಯ್ಯರ್ ಹೆಸರು ಹೊತ್ತ ಈ ಬಡಾವಣೆಯಲ್ಲಿ ದಿನಸಿ ಅಂಗಡಿ ಅಂದ್ರೆ ಇವತ್ತಿಗೂ ಹತ್ತಡಿ ಅಗಲದ ಶಟರ್, ಮುಂದೆ ಒಂದು ಗಾಜಿನ ಬೀರು, ಒಳಗೆ ತಿಂಗಳ ಲೆಕ್ಕದ ಪುಸ್ತಕ. ಸ್ವಸ್ತಿಕ್ ವೃತ್ತದಿಂದ ನಡೆದೇ ಹೋಗುವಷ್ಟು ದೂರದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಇದೆ. ಮಲ್ಲೇಶ್ವರ ದಾಟಿದರೆ ಒರಾಯನ್ ಮಾಲ್, ಅದರ ಆಚೆ ಯಶವಂತಪುರದ ಕಡೆ ಮೆಟ್ರೋ ಸಗಟು ಮಳಿಗೆ. ಪಕ್ಕದ ರಸ್ತೆಯಲ್ಲಿ ಯಾವುದಾದರೂ ಹಳೇ ಕಟ್ಟಡಕ್ಕೆ ತಗಡಿನ ಬೇಲಿ ಬಿತ್ತು ಅಂದರೆ ಸಾಕು, "ಇಲ್ಲೂ ದೊಡ್ಡ ಮಳಿಗೆ ಬರ್ತಿದೆಯಂತೆ" ಅನ್ನೋ ಸುದ್ದಿ ಸಂಜೆಯೊಳಗೆ ಎಲ್ಲ ಅಂಗಡಿಗೂ ತಲುಪಿರುತ್ತೆ.

ಮುಂದಿನ ಪ್ರಶ್ನೆ, ಏನು ಮಾಡೋದು? ಮನವಿ ಕೊಡೋದಾ, ಬೀದಿಗೆ ಇಳಿಯೋದಾ, ಕೋರ್ಟಿಗೆ ಹೋಗೋದಾ? ಯಾವ ವಿರೋಧಕ್ಕೆ ಕಾನೂನಿನಲ್ಲಿ ಜಾಗ ಇದೆ, ಯಾವುದಕ್ಕೆ ಇಲ್ಲ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ವಿದೇಶಿ ಸಗಟು ಮಳಿಗೆಯೊಂದು ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದೇ ಬೆಂಗಳೂರಿನಲ್ಲಿ. ಅದರ ವಿರುದ್ಧದ ಮೊದಲ ಜಗಳವೂ ಇಲ್ಲೇ ನಡೆಯಿತು.

ಮೆಟ್ರೋ ಅಂದ್ರೆ ರೈಲಲ್ಲ

ಈಗಿನ ಹುಡುಗರಿಗೆ ಮೆಟ್ರೋ ಅಂದ್ರೆ ಸಂಪಿಗೆ ರಸ್ತೆಯ ರೈಲು ನಿಲ್ದಾಣ. ಆದರೆ ನಮ್ಮ ಮೆಟ್ರೋ ರೈಲು ನಗರದಲ್ಲಿ ಓಡಲು ಶುರುವಾದದ್ದು 2011ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 2003ರಲ್ಲಿ, ಜರ್ಮನಿಯ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ಕಂಪನಿ ಬೆಂಗಳೂರಿನಲ್ಲಿ ಎರಡು ಮಳಿಗೆ ತೆರೆಯಿತು. ಒಂದು ಯಶವಂತಪುರದ ಇಂಡಸ್ಟ್ರಿಯಲ್ ಸಬರ್ಬ್ ಪ್ರದೇಶದಲ್ಲಿ, ಸುಬ್ರಹ್ಮಣ್ಯನಗರಕ್ಕೆ ಅಂಟಿಕೊಂಡಂತೆ. ಇನ್ನೊಂದು ಕನಕಪುರ ರಸ್ತೆ ಕಡೆ. ದೇಶದಲ್ಲೇ ಮೊದಲ ಎರಡು ಇವು.

ಹೆಸರೇ ಹೇಳುವಂತೆ ಪದ್ಧತಿ ಸರಳ. ದುಡ್ಡು ಕೊಡು, ಸಾಮಾನು ಹೊತ್ಕೊಂಡು ಹೋಗು. ಉದ್ರಿ ಇಲ್ಲ, ಮನೆಗೆ ತಲುಪಿಸೋದಿಲ್ಲ. ಗೋದಾಮಿನಂಥ ಕಟ್ಟಡ, ಚಾವಣಿವರೆಗೆ ಪೇರಿಸಿದ ಪೆಟ್ಟಿಗೆ, ಒಳಗೇ ಓಡಾಡುವ ಫೋರ್ಕ್‌ಲಿಫ್ಟ್. ಒಳಗೆ ಹೋಗಲು ಕಾರ್ಡ್ ಬೇಕು. ಆ ಕಾರ್ಡ್ ಸಿಗುವುದು ವ್ಯಾಪಾರಸ್ಥರಿಗೆ ಮಾತ್ರ: ದಿನಸಿ ಅಂಗಡಿ, ಹೋಟೆಲ್, ಕ್ಯಾಂಟೀನು, ಕಚೇರಿ. ಇದು ಬರವಣಿಗೆಯಲ್ಲಿದ್ದ ನಿಯಮ.

ಜಗಳ ಶುರುವಾದದ್ದೇ ಆ ಕಾರ್ಡಿನಿಂದ. ಎಫ್‌ಕೆಸಿಸಿಐ ಸೇರಿದಂತೆ ವರ್ತಕರ ಸಂಘಟನೆಗಳ ಆಕ್ಷೇಪ ಇಷ್ಟೇ: ಸಗಟು ಅಂತ ಅನುಮತಿ ಪಡೆದು ಒಳಗೆ ಚಿಲ್ಲರೆ ವ್ಯಾಪಾರ ನಡೀತಿದೆ, ಸ್ವಂತ ಮನೆಗೆ ಸಾಮಾನು ಒಯ್ಯುವವರ ಕೈಗೂ ಕಾರ್ಡ್ ಸೇರಿದೆ. ಇದು ಸಣ್ಣ ತಕರಾರು ಅಂತ ಕಾಣಬಹುದು. ಹಾಗಿಲ್ಲ. ಕಂಪನಿಗೆ ಭಾರತದಲ್ಲಿ ಇರುವ ಹಕ್ಕು ನಿಂತಿದ್ದೇ ಆ ಒಂದು ಗೆರೆಯ ಮೇಲೆ.

ಗೆರೆ ಎಲ್ಲಿದೆ?

ವಿದೇಶಿ ಕಂಪನಿ ನೂರಕ್ಕೆ ನೂರು ಬಂಡವಾಳ ಹಾಕಿ ಸಗಟು ವ್ಯಾಪಾರ ಮಾಡಲು ಕೇಂದ್ರ ಸರ್ಕಾರ 1997ರಿಂದಲೇ ಅವಕಾಶ ಕೊಟ್ಟಿತ್ತು, ಪ್ರತಿ ಪ್ರಸ್ತಾವಕ್ಕೂ ಸರ್ಕಾರದ ಒಪ್ಪಿಗೆ ಬೇಕೆಂಬ ಷರತ್ತಿನೊಂದಿಗೆ. 2006ರಲ್ಲಿ ಆ ಷರತ್ತೂ ಹೋಯಿತು. ಆದರೆ ಹಲವು ಬ್ರಾಂಡಿನ ಸಾಮಾನು ಇಟ್ಟು ನೇರ ಗ್ರಾಹಕರಿಗೆ ಮಾರುವ ಚಿಲ್ಲರೆ ವ್ಯಾಪಾರಕ್ಕೆ ವಿದೇಶಿ ಬಂಡವಾಳ ಆಗ ಪೂರ್ತಿ ನಿಷಿದ್ಧ. ಹೀಗಾಗಿ ಒಂದೇ ಮಳಿಗೆ, ಒಂದೇ ಅಕ್ಕಿ ಮೂಟೆ, ಒಂದೇ ಬೆಲೆ. ಕೊಂಡವನು ಕಿರಾಣಿ ಅಂಗಡಿಯವನಾದರೆ ಕಾನೂನುಬದ್ಧ, ಪಕ್ಕದ ಮನೆಯ ಮೇಷ್ಟ್ರಾದರೆ ಉಲ್ಲಂಘನೆ.

ಇಲ್ಲೇ ಸಾಮಾನ್ಯವಾಗಿ ಎಲ್ಲರೂ ಎಡವುವುದು. ಮೂಟೆಗಟ್ಟಲೆ ಕೊಂಡರೆ ಸಗಟು, ಕಿಲೋ ಲೆಕ್ಕದಲ್ಲಿ ಕೊಂಡರೆ ಚಿಲ್ಲರೆ ಅಂತ ನಮ್ಮ ಪೇಟೆ ಭಾಷೆ. ತರಗುಪೇಟೆಯಲ್ಲಿ ಇವತ್ತಿಗೂ ಮಾತು ಹಾಗೇ ನಡೆಯುತ್ತೆ. ವಿದೇಶಿ ಬಂಡವಾಳದ ನಿಯಮ ಹಾಗಿಲ್ಲ. 2010ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಒಟ್ಟುಗೂಡಿಸಿದ ನೀತಿಯಲ್ಲಿ ಸಗಟು ಅಂದರೇನು ಅಂತ ಬಿಡಿಸಿ ಬರೆಯಲಾಯಿತು. ಎಷ್ಟು ಕೊಂಡರು ಅನ್ನೋದು ಮುಖ್ಯವಲ್ಲ, ಕೊಂಡವರು ಯಾರು ಅನ್ನೋದೇ ಅಳತೆಗೋಲು.

ಯಾರು ಕೊಳ್ಳಬಹುದು? ಮಾರಾಟ ತೆರಿಗೆ, ವ್ಯಾಟ್, ಸೇವಾ ತೆರಿಗೆ ಅಥವಾ ಅಬಕಾರಿ ಸುಂಕದ ನೋಂದಣಿ ಇರುವವರು. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಕೊಟ್ಟ ಟ್ರೇಡ್ ಲೈಸೆನ್ಸ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇರುವವರು. ಬೀದಿ ವ್ಯಾಪಾರಕ್ಕೆ ಪರವಾನಗಿ ಇರುವ ತಳ್ಳುಗಾಡಿಯವರು ಕೂಡ. ಸ್ವಂತ ಬಳಕೆಗೆ ಕೊಳ್ಳುವ ನೋಂದಾಯಿತ ಸಂಸ್ಥೆಗಳು. ಯಾವ ದಿನ ಯಾರಿಗೆ ಎಷ್ಟು ಮಾರಿದ್ದು, ಅವರ ಲೈಸೆನ್ಸ್ ನಂಬರ್ ಏನು ಅಂತ ದಿನದಿನದ ದಾಖಲೆ ಇಡಬೇಕು. ತನ್ನದೇ ಗುಂಪಿನ ಕಂಪನಿಗಳಿಗೆ ಮಾರುವುದಾದರೆ ಒಟ್ಟು ವಹಿವಾಟಿನ ಶೇ 25 ದಾಟಬಾರದು.

ಇದರಲ್ಲಿ ಸಣ್ಣ ಅಂಗಡಿಯವರಿಗೆ ಒಂದು ಕಹಿ ಸಂಗತಿಯೂ ಸೇರಿಕೊಂಡಿತ್ತು. ಮೆಟ್ರೋ ಬಾಗಿಲಲ್ಲಿ ನಿಲ್ಲಬೇಕಾದರೆ ನೋಂದಣಿ ಕಾಗದ ಬೇಕು. ಗಲ್ಲಿಯ ಎಷ್ಟೋ ಅಂಗಡಿಗಳಿಗೆ ಆಗ ಅದೇ ಇರಲಿಲ್ಲ. ಅಪ್ಪ ಇಟ್ಟ ಅಂಗಡಿ, ಮಗ ನಡೆಸ್ತಿದ್ದಾನೆ, ಕಾಗದ ಪತ್ರ ಯಾರೂ ಕೇಳಿರಲಿಲ್ಲ. ಅಂಥವರು ಮೆಟ್ರೋಗೆ ಗ್ರಾಹಕರೂ ಆಗಲಾರರು, ಅದರ ವಿರುದ್ಧ ಇಲಾಖೆಗೆ ದೂರು ಕೊಡಲು ಹೋದರೆ "ನಿಮ್ಮ ಲೈಸೆನ್ಸ್ ಎಲ್ಲಿ?" ಅನ್ನೋ ಪ್ರಶ್ನೆಗೆ ಉತ್ತರವೂ ಇಲ್ಲ. ವಿರೋಧ ಮಾಡುವ ಮೊದಲು ಸ್ವಂತ ಕಾಗದ ಸರಿ ಮಾಡ್ಕೋಬೇಕು ಅನ್ನೋದು ಆಗಲೂ ನಿಜ, ಈಗಲೂ ನಿಜ.

ಯಾರ್ಡಿನ ತಕರಾರು

ಯಶವಂತಪುರದಲ್ಲೇ ದೊಡ್ಡ ಎಪಿಎಂಸಿ ಯಾರ್ಡ್ ಇದೆ. ಅಕ್ಕಿ, ಬೇಳೆ, ಈರುಳ್ಳಿ, ಆಲೂಗಡ್ಡೆ ನಗರಕ್ಕೆಲ್ಲ ಅಲ್ಲಿಂದಲೇ ಹರಡುವುದು. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯ ಮೂಲ ಕಟ್ಟುಪಾಡು ಏನೆಂದರೆ, ಅಧಿಸೂಚಿತ ಉತ್ಪನ್ನದ ಸಗಟು ವ್ಯಾಪಾರ ಪ್ರಾಂಗಣದೊಳಗೆ, ಲೈಸೆನ್ಸ್ ಪಡೆದವರಿಂದ, ಮಾರುಕಟ್ಟೆ ಶುಲ್ಕ ಕಟ್ಟಿ ನಡೆಯಬೇಕು. ಯಾರ್ಡಿನೊಳಗಿನ ವರ್ತಕ ಸೆಸ್ ಕಟ್ಟಿ, ಹಮಾಲಿ ಕೊಟ್ಟು ಮಾರುವ ಸಾಮಾನನ್ನು ಅಲ್ಲೇ ಹತ್ತಿರದಲ್ಲಿ ಹವಾನಿಯಂತ್ರಿತ ಮಳಿಗೆ ಬೇರೆ ದಾರಿಯಲ್ಲಿ ತಂದು ಮಾರಿದರೆ ಅವನಿಗೆ ಕೋಪ ಬಾರದೇ ಇರುತ್ತಾ? ಈ ಕಾಯ್ದೆ ಮೆಟ್ರೋಗೆ ನಿಜವಾದ ತೊಡಕಾಯಿತು. ಕೋಲ್ಕತ್ತದಲ್ಲಂತೂ ಎಪಿಎಂಸಿ ಲೈಸೆನ್ಸ್ ಕೊಡಬೇಕೋ ಬೇಡವೋ ಅನ್ನೋದೇ ಆಡಳಿತ ಮೈತ್ರಿಕೂಟದೊಳಗಿನ ಜಗಳವಾಗಿ, ಅಲ್ಲಿನ ಮಳಿಗೆ ತೆರೆದದ್ದು 2008ರಲ್ಲಿ.

ಆದರೂ ಇಲ್ಲಿ ಎರಡು ವಿರೋಧಗಳು ಒಂದೇ ದನಿಯಲ್ಲಿ ಕೇಳಿಸಿದವು ಅನ್ನೋದನ್ನು ಗಮನಿಸಬೇಕು. ಯಾರ್ಡಿನ ಸಗಟು ವರ್ತಕ ಮತ್ತು ಗಲ್ಲಿಯ ಕಿರಾಣಿಯವನು, ಇಬ್ಬರ ಹಿತವೂ ಒಂದೇ ಅಲ್ಲ. ಮೆಟ್ರೋ ಕಸಿದದ್ದು ಮೊದಲನೆಯವನ ಗಿರಾಕಿಯನ್ನು. ಆ ಗಿರಾಕಿಯೇ ಎರಡನೆಯವನು. ನಗದು ಕೈಲಿದ್ದ ಕಿರಾಣಿಯವನಿಗೆ ಮೆಟ್ರೋ ಒಂದು ಹೆಚ್ಚುವರಿ ಬಾಗಿಲಾಯಿತು. ಉದ್ರಿಯ ಮೇಲೆ ಸಾಮಾನು ತರುತ್ತಿದ್ದವನಿಗೆ ಹಳೇ ಸಗಟು ಸಾಹುಕಾರನೇ ಗತಿ. ದೊಡ್ಡ ಮಳಿಗೆ ವಿರುದ್ಧ ಸಂಘ ಕಟ್ಟುವಾಗ ಈ ಭೇದ ಮರೆತರೆ ಸಂಘ ಆರು ತಿಂಗಳಿಗೆ ಒಡೆಯುತ್ತೆ.

2012ರ ಬಂದ್, ಆಮೇಲೆ ಸದ್ದಿಲ್ಲದೆ ಆದದ್ದು

2012ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಯುಪಿಎ ಸರ್ಕಾರ ಬಹು ಬ್ರಾಂಡ್ ಚಿಲ್ಲರೆ ವ್ಯಾಪಾರಕ್ಕೂ ಶೇ 51ರಷ್ಟು ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆಯಿತು. ಷರತ್ತುಗಳಿದ್ದವು: ಕನಿಷ್ಠ 10 ಕೋಟಿ ಡಾಲರ್ ಹೂಡಿಕೆ, ಶೈತ್ಯಾಗಾರ, ಸಾಗಣೆಯಂಥ ಹಿನ್ನೆಲೆ ವ್ಯವಸ್ಥೆಗೆ ದೊಡ್ಡ ಪಾಲು, ಶೇ 30ರಷ್ಟು ಸಾಮಾನು ಸಣ್ಣ ಉದ್ದಿಮೆಗಳಿಂದ, ಮುಖ್ಯವಾಗಿ 10 ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ. ಬೇಕೋ ಬೇಡವೋ ಅನ್ನೋ ತೀರ್ಮಾನ ರಾಜ್ಯಗಳಿಗೆ ಬಿಟ್ಟದ್ದು. ಡೀಸೆಲ್ ಬೆಲೆ ಏರಿಕೆ ಮತ್ತು ಈ ತೀರ್ಮಾನ ಎರಡನ್ನೂ ವಿರೋಧಿಸಿ ಸೆಪ್ಟೆಂಬರ್ 20ರಂದು ಭಾರತ್ ಬಂದ್ ಆಯಿತು. ಆಗ ರಾಜ್ಯದಲ್ಲಿ ಜಗದೀಶ ಶೆಟ್ಟರ್ ನೇತೃತ್ವದ ಬಿಜೆಪಿ ಸರ್ಕಾರ, ಪಕ್ಷವೇ ಬಂದ್ ಕರೆದದ್ದು. ಬೆಂಗಳೂರಿನಲ್ಲಿ ಶಟರ್ ಎಳೆದದ್ದು ಹಲವರಿಗೆ ನೆನಪಿದೆ.

ಮರುವರ್ಷ ಸರ್ಕಾರ ಬದಲಾಯಿತು. ಕರ್ನಾಟಕ ಒಪ್ಪಿದ ರಾಜ್ಯಗಳ ಪಟ್ಟಿ ಸೇರಿತು. 2013ರ ಕೊನೆಗೆ ಕೇಂದ್ರ ಒಪ್ಪಿದ ಬ್ರಿಟನ್ನಿನ ಟೆಸ್ಕೊ ಪ್ರಸ್ತಾವ ಟಾಟಾ ಗುಂಪಿನ ಟ್ರೆಂಟ್ ಜೊತೆಗಿನದ್ದು. ಅದರಲ್ಲಿ ಹೆಸರಿಸಿದ್ದ ರಾಜ್ಯಗಳು ಮಹಾರಾಷ್ಟ್ರ ಮತ್ತು ಕರ್ನಾಟಕ. ಬೆಂಗಳೂರಿನ ಸ್ಟಾರ್ ಬಜಾರ್ ಮಳಿಗೆಗಳು ಆ ವ್ಯವಸ್ಥೆಯ ಭಾಗ. ಅದಕ್ಕಾಗಿ ಯಾರೂ ಬಂದ್ ಮಾಡಲಿಲ್ಲ, ಬಹುಪಾಲು ಜನಕ್ಕೆ ಗೊತ್ತೂ ಆಗಲಿಲ್ಲ.

ಇಷ್ಟರಲ್ಲಿ ನಿಜವಾದ ಬದಲಾವಣೆ ಬೇರೆ ಬಾಗಿಲಿಂದ ಬಂದಿತ್ತು. ಸಗಟು-ಚಿಲ್ಲರೆ ಗೆರೆ ಇರುವುದು ವಿದೇಶಿ ಬಂಡವಾಳಕ್ಕೆ ಮಾತ್ರ. ದೇಶಿ ಕಂಪನಿಗೆ ಅಂಥ ಗೆರೆಯೇ ಇಲ್ಲ. ಬಿಗ್ ಬಜಾರ್ 2001ರಲ್ಲೇ ಬೆಂಗಳೂರಿಗೆ ಬಂತು. ಆಮೇಲೆ ಮೋರ್, ರಿಲಯನ್ಸ್, ಡಿಮಾರ್ಟ್. ಇವರು ಯಾರಿಗೆ ಬೇಕಾದರೂ ಮಾರಬಹುದು, ಕಾರ್ಡ್ ಕೇಳಬೇಕಿಲ್ಲ. ಕಿರಾಣಿಯವನ ಗಲ್ಲಾಪೆಟ್ಟಿಗೆಗೆ ಬಿದ್ದ ಹೊಡೆತದಲ್ಲಿ ದೊಡ್ಡ ಪಾಲು ಈ ಕಡೆಯದು. ವಿರೋಧದ ಬ್ಯಾನರ್‌ಗಳಲ್ಲಿ ಮಾತ್ರ ವಾಲ್‌ಮಾರ್ಟ್ ಹೆಸರೇ ದಪ್ಪ ಅಕ್ಷರದಲ್ಲಿತ್ತು. ಎದುರಾಳಿ ಯಾರು ಅಂತ ಗುರುತಿಸುವುದರಲ್ಲೇ ವರ್ತಕರ ಚಳವಳಿ ಹತ್ತು ವರ್ಷ ಕಳೆಯಿತು ಅಂದರೆ ತಪ್ಪಲ್ಲ.

ಮೆಟ್ರೋ ಕತೆಯ ಕೊನೆ ಅಧ್ಯಾಯವೂ ಇದನ್ನೇ ಹೇಳುತ್ತೆ. 2022ರ ಡಿಸೆಂಬರ್‌ನಲ್ಲಿ ಜರ್ಮನ್ ಕಂಪನಿ ತನ್ನ ಭಾರತದ ವ್ಯಾಪಾರವನ್ನು ರಿಲಯನ್ಸ್ ರೀಟೇಲ್‌ಗೆ 2,850 ಕೋಟಿ ರೂಪಾಯಿಗೆ ಮಾರುವುದಾಗಿ ಪ್ರಕಟಿಸಿತು. 21 ನಗರಗಳ 31 ಮಳಿಗೆಗಳು. 2023ರ ಮೇ ತಿಂಗಳಲ್ಲಿ ವ್ಯವಹಾರ ಮುಗಿಯಿತು. ಯಶವಂತಪುರದಲ್ಲಿ 2003ರಲ್ಲಿ ಯಾವುದನ್ನು ವಿದೇಶಿ ಅಂತ ವಿರೋಧಿಸಲಾಯಿತೋ ಅದು ಇಪ್ಪತ್ತು ವರ್ಷದಲ್ಲಿ ದೇಶದ ಅತಿ ದೊಡ್ಡ ಚಿಲ್ಲರೆ ಕಂಪನಿಯ ಕೈ ಸೇರಿತು.

ಹೊಡೆತ ಬೀಳೋದು ಎಲ್ಲಿ

ಪ್ಯಾಕೆಟ್ ಸಾಮಾನಿನಲ್ಲಿ ಕಿರಾಣಿಯವನಿಗೆ ಉಳಿಯುವುದು ನೂರಕ್ಕೆ ಸುಮಾರು ಎಂಟು, ಹತ್ತು ರೂಪಾಯಿ. ಅದರಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ, ಇಲಿ ಕಡಿದ ಚೀಲ. ದೊಡ್ಡ ಮಳಿಗೆ ಅದೇ ಸೋಪಿನ ಮೇಲೆ ಶೇ 10 ರಿಯಾಯಿತಿ ಬರೆದರೆ ಅಂಗಡಿಯವನ ಲಾಭವನ್ನೇ ಅದು ಗ್ರಾಹಕನಿಗೆ ಕೊಟ್ಟಂತೆ. ಕಂಪನಿಯಿಂದ ನೇರ ಕೊಳ್ಳುವವನಿಗೆ ಸಿಗುವ ದರವೇ ಬೇರೆ, ವಿತರಕನ ಮೂಲಕ ಕೊಳ್ಳುವವನ ದರವೇ ಬೇರೆ. ಎಂಆರ್‌ಪಿಗಿಂತ ಹೆಚ್ಚಿಗೆ ಮಾರಿದರೆ ಕಾನೂನು ಮಾಪನ ಇಲಾಖೆ ದಂಡ ಹಾಕುತ್ತೆ. ಎಷ್ಟು ಕಡಿಮೆಗೆ ಮಾರಬಹುದು ಅನ್ನೋದಕ್ಕೆ ಅಲ್ಲಿ ಮಿತಿಯಿಲ್ಲ.

ಹಾಗಾದರೆ ಅಸಲಿಗಿಂತ ಕಡಿಮೆಗೆ ಮಾರಿ ಪಕ್ಕದವರನ್ನು ಮುಳುಗಿಸುವುದು ತಪ್ಪಲ್ವಾ? 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 4 ಪ್ರಕಾರ ತಪ್ಪೇ. ಆದರೆ ಒಂದು ಕೊಕ್ಕೆ ಇದೆ. ಹಾಗೆ ಮಾರುವ ಕಂಪನಿ ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿದೆ ಅಂತ ಮೊದಲು ಸಾಬೀತಾಗಬೇಕು. ಐದಾರು ದೊಡ್ಡ ಕಂಪನಿಗಳು ಪರಸ್ಪರ ಪೈಪೋಟಿ ಮಾಡುತ್ತಿರುವಾಗ ಯಾವುದೊಂದೂ "ಪ್ರಬಲ" ಅನ್ನಿಸಿಕೊಳ್ಳುವುದಿಲ್ಲ. ಸಣ್ಣವನು ಸಾಯುವುದು ಆ ಐದಾರರ ಪೈಪೋಟಿಯಲ್ಲಿ. ಗಲ್ಲಿ ಅಂಗಡಿಯವನು ಒಬ್ಬನೇ ಈ ದಾರಿ ಹಿಡಿದು ಗೆಲ್ಲುವುದು ಕಷ್ಟ, ವಿತರಕರ ಸಂಘಗಳು ಒಟ್ಟಾಗಿ ಹೋದರೆ ಕನಿಷ್ಠ ವಿಚಾರಣೆ ಮಟ್ಟಕ್ಕಾದರೂ ಬರುತ್ತೆ.

ಕಿರಾಣಿಯವನ ಬಳಿ ಉಳಿದಿರುವ ಆಸ್ತಿ ಲೆಕ್ಕದ ಪುಸ್ತಕ. ಸಂಬಳ ಬಂದಾಗ ಕೊಡ್ತೀನಿ ಅನ್ನೋ ಮನೆಗೆ ದಿನಸಿ ಕಳಿಸುವ ಧೈರ್ಯ ಯಾವ ಮಾಲ್‌ಗೂ ಇಲ್ಲ. ಅರ್ಧ ಕಾಯಿ, ಹತ್ತು ರೂಪಾಯಿ ಶಾವಿಗೆ, ಹಬ್ಬದ ಹಿಂದಿನ ರಾತ್ರಿ ಕರ್ಪೂರ ಸಿಗುವುದೂ ಅಲ್ಲೇ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನಗದು ಇರುವ ಗಿರಾಕಿ ತಿಂಗಳ ದೊಡ್ಡ ಚೀಟಿಯನ್ನು ದೊಡ್ಡ ಮಳಿಗೆಗೆ ಒಯ್ದು, ಇಪ್ಪತ್ತನೇ ತಾರೀಖಿನ ಮೇಲೆ ಉದ್ರಿಗೆ ಮಾತ್ರ ಗಲ್ಲಿ ಅಂಗಡಿಗೆ ಬಂದರೆ, ಆ ಪುಸ್ತಕವೇ ಅಂಗಡಿಯನ್ನು ಮುಳುಗಿಸುತ್ತೆ.

ನಿವಾಸಿಗಳ ಕೈಲಿರುವ ಕಾಗದ

ವ್ಯಾಪಾರ ಹೋಗುತ್ತೆ ಅನ್ನೋದು ಕಾನೂನಿನ ಕಣ್ಣಲ್ಲಿ ಆಕ್ಷೇಪಣೆಯೇ ಅಲ್ಲ. ಪೈಪೋಟಿ ಬರುತ್ತೆ ಅಂತ ಪಾಲಿಕೆ ಯಾರಿಗೂ ಲೈಸೆನ್ಸ್ ನಿರಾಕರಿಸುವಂತಿಲ್ಲ. ರಸ್ತೆ, ಪಾರ್ಕಿಂಗ್, ಶಬ್ದ, ಬೆಂಕಿ ಸುರಕ್ಷತೆ, ಭೂಬಳಕೆ ಇವು ಆಕ್ಷೇಪಣೆ. ಅಂಗಡಿಯವರು ಮತ್ತು ನಿವಾಸಿಗಳು ಜೊತೆಗೂಡಿದರೆ ಮಾತ್ರ ಕೆಲಸ ಆಗುವುದು ಈ ಕಾರಣಕ್ಕೆ.

ಹತ್ತಿರದ ಉದಾಹರಣೆ ಮಂತ್ರಿ ಸ್ಕ್ವೇರ್. ಹಳೇ ರಾಜಾ ಮಿಲ್ ಜಾಗದಲ್ಲಿ ಎದ್ದ ಈ ಮಾಲ್ ತೆರೆದದ್ದು 2010ರಲ್ಲಿ. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆ–ಪೀಣ್ಯ ಮೆಟ್ರೋ ಶುರುವಾದ ಮೇಲೆ ಜನಸಂದಣಿ ಇನ್ನೂ ಹೆಚ್ಚಿತು. ಸ್ವಸ್ತಿಕ್ ವೃತ್ತದಲ್ಲಿ ಸಂಜೆ ಆಟೋ ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 2017ರ ಜನವರಿ 16ರಂದು ಕಟ್ಟಡದ ಹಿಂಬದಿ ಗೋಡೆಯ ಭಾಗ ಕುಸಿಯಿತು. ಬಿಬಿಎಂಪಿ ಸ್ವಾಧೀನಾನುಭವ ಪತ್ರವನ್ನು, ಅಂದರೆ ಎಲ್ಲರೂ ಒಸಿ ಅನ್ನುವ ಕಾಗದವನ್ನು, ಹಿಂಪಡೆಯಿತು. ಮಾಲ್ ಕೆಲವು ವಾರ ಮುಚ್ಚಿತು. ಏಳು ವರ್ಷದ ಟ್ರಾಫಿಕ್ ಗೊಣಗಾಟ ಮಾಡಲಾಗದ್ದನ್ನು ಒಂದು ಕಾಗದ ಒಂದೇ ದಿನದಲ್ಲಿ ಮಾಡಿತು.

ಇನ್ನೊಂದು, ಬ್ಯಾಟರಾಯನಪುರದ ಫೀನಿಕ್ಸ್ ಮಾಲ್ ಆಫ್ ಏಷ್ಯಾ. 2023ರ ಅಕ್ಟೋಬರ್‌ನಲ್ಲಿ ತೆರೆದದ್ದೇ ತಡ, ಬಳ್ಳಾರಿ ರಸ್ತೆಯಲ್ಲಿ ವಾಹನ ನಿಲ್ಲತೊಡಗಿದವು, ಸುತ್ತಲಿನ ನಿವಾಸಿಗಳು ದೂರಿದರು. ಆ ವರ್ಷಾಂತ್ಯಕ್ಕೆ ನಗರ ಪೊಲೀಸ್ ಕಮಿಷನರ್ ಸಿಆರ್‌ಪಿಸಿ ಸೆಕ್ಷನ್ 144 ಬಳಸಿ ಡಿಸೆಂಬರ್ 31ರಿಂದ ಜನವರಿ 15ರವರೆಗೆ ಮಾಲ್‌ಗೆ ಸಾರ್ವಜನಿಕ ಪ್ರವೇಶ ನಿರ್ಬಂಧಿಸಿ ಆದೇಶ ಹೊರಡಿಸಿದರು. ಮಾಲ್ ಹೈಕೋರ್ಟಿಗೆ ಹೋಯಿತು, ಆಮೇಲೆ ಮತ್ತೆ ತೆರೆಯಿತು. ತೆರೆದ ಮೇಲೆ ಮುಚ್ಚಿಸಲು ಹೊರಡುವುದು ಎಷ್ಟು ದುಬಾರಿ ಅನ್ನೋದಕ್ಕೆ ಇದು ಸಾಕ್ಷಿ. ಪಾರ್ಕಿಂಗ್ ಎಷ್ಟು, ವಾಹನ ಒಳಗೆ ಹೋಗುವ ದಾರಿ ಯಾವುದು ಅನ್ನೋ ಪ್ರಶ್ನೆ ನಕ್ಷೆ ಮಂಜೂರಾತಿ ಹಂತದಲ್ಲಿ ಕೇಳಬೇಕಾದದ್ದು.

ಆ ಹಂತದಲ್ಲಿ ಏನೇನು ಕೇಳಬಹುದು? ವಸತಿ ವಲಯದ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವುದಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಸೆಕ್ಷನ್ 14ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಆ ಸಣ್ಣ ಅಕ್ಷರದ ಪ್ರಕಟಣೆ ಯಾರ ಕಣ್ಣಿಗೂ ಬೀಳುವುದಿಲ್ಲ ಅನ್ನೋದು ಬೇರೆ ಮಾತು. ಸಂಘದಲ್ಲಿ ಒಬ್ಬರಿಗೆ ಆ ಪುಟ ಓದುವ ಕೆಲಸ ಕೊಟ್ಟರೆ ಅದೇ ಅರ್ಧ ಹೋರಾಟ. 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ಕಟ್ಟಡಕ್ಕೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಸಾಮಾನ್ಯವಾಗಿ ಇಂಥ ಕಟ್ಟಡಗಳಿಗೆ ಸಾರ್ವಜನಿಕ ವಿಚಾರಣೆ ಇರುವುದಿಲ್ಲ, ಲಿಖಿತ ಮನವಿ ಕಳಿಸಲು ಅಡ್ಡಿಯಿಲ್ಲ. ಮಂಜೂರಾದ ನಕ್ಷೆ, ಪಾರ್ಕಿಂಗ್ ಲೆಕ್ಕ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಒಸಿ, ಟ್ರೇಡ್ ಲೈಸೆನ್ಸ್ ಇವುಗಳ ಪ್ರತಿಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಬರಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ, ಹಾಗಾಗಿ ಅರ್ಜಿ ಹಾಕುವ ಮೊದಲು ಜಾಗ ಯಾವ ಪಾಲಿಕೆಗೆ ಸೇರಿದ್ದು ಅಂತ ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಓಡಾಡುತ್ತಾ ತಿಂಗಳು ಕಳೆಯುತ್ತೆ.

ರಾತ್ರಿ ಲಾರಿ ಇಳಿಸುವ ಗದ್ದಲ, ಜನರೇಟರ್ ಸದ್ದಿಗೆ 2000ದ ಶಬ್ದಮಾಲಿನ್ಯ ನಿಯಮ ಇದೆ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45.

ಇನ್ನು 40 ಅಡಿ ರಸ್ತೆ ವಿಚಾರ. ಬೆಂಗಳೂರಿನ ಒಳ ಭಾಗದ ವಸತಿ ವಲಯದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಚಟುವಟಿಕೆ ಬೇಡ ಅನ್ನೋ ನಿಯಮ ಬಂದದ್ದು ನಾಗರಿಕ ಸಂಘಟನೆಗಳು ವರ್ಷಗಟ್ಟಲೆ ಹೈಕೋರ್ಟಿನಲ್ಲಿ ಹೋರಾಡಿದ ಮೇಲೆ. ದೊಡ್ಡ ಮಳಿಗೆ ವಿರುದ್ಧ ಇದು ಗಟ್ಟಿ ಆಯುಧ ಅಂತ ನಿವಾಸಿಗಳ ಸಂಘ ಹಿಡಿದುಕೊಳ್ಳುತ್ತೆ. ಅಂಗಡಿಯವರು ಇದನ್ನು ಹಿಡಿಯುವ ಮೊದಲು ಎರಡು ಸಲ ಯೋಚಿಸಬೇಕು. ದೊಡ್ಡ ಮಳಿಗೆ ಬರುವುದು ಹೇಗೂ ಅಗಲ ರಸ್ತೆಗೆ. ಕಿರಿದಾದ ಅಡ್ಡರಸ್ತೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಇರುವುದು ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಇಸ್ತ್ರಿ ಅಂಗಡಿ. ಒಂದು ದೂರಿಗೆ ಅಧಿಕಾರಿ ಬಂದರೆ ನೋಟಿಸ್ ಬೀಳುವುದು ಯಾರ ಬಾಗಿಲಿಗೆ ಅಂತ ಹೇಳಬೇಕಿಲ್ಲ.

ಬೀದಿ ಬದಿ ವ್ಯಾಪಾರಿಗಳ ಸ್ಥಿತಿ ಬೇರೆ. 2014ರ ಕೇಂದ್ರ ಕಾಯ್ದೆ ಅವರಿಗೆ ಗುರುತಿನ ಪ್ರಮಾಣಪತ್ರ ಕೊಡುತ್ತೆ, ಸಮೀಕ್ಷೆ ಮುಗಿಯದೆ ಎತ್ತಂಗಡಿ ಮಾಡಬಾರದು ಅನ್ನುತ್ತೆ, ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40 ಸ್ಥಾನ ಅವರಿಗೇ ಮೀಸಲು. ಹೊಸ ಮಾಲ್ ಮುಂದೆ "ಫುಟ್‌ಪಾತ್ ಸ್ವಚ್ಛ" ಮಾಡುವ ಹೆಸರಲ್ಲಿ ಹೂವು, ಹಣ್ಣಿನವರನ್ನು ಎಬ್ಬಿಸುವಾಗ ಈ ಕಾಯ್ದೆಯ ಕಾಗದ ಕೈಲಿದ್ದವರು ನಿಂತು ಮಾತಾಡಬಹುದು.

ಶಟರ್ ಇಲ್ಲದ ಅಂಗಡಿ

ಈಗಿನ ದೊಡ್ಡ ಮಳಿಗೆಗೆ ಬೋರ್ಡ್ ಕೂಡ ಇರುವುದಿಲ್ಲ. ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ಆ್ಯಪ್‌ಗಳು ಬಡಾವಣೆಯೊಳಗೇ ಒಂದು ನೆಲಮಹಡಿ ಬಾಡಿಗೆಗೆ ಹಿಡಿಯುತ್ತವೆ. ಇದಕ್ಕೆ ಡಾರ್ಕ್ ಸ್ಟೋರ್ ಅಂತ ಹೆಸರು. ಗ್ರಾಹಕರಿಗೆ ಒಳಗೆ ಪ್ರವೇಶವಿಲ್ಲ. ಹೊರಗೆ ಕಾಣುವುದು ಸಾಲಾಗಿ ನಿಂತ ಬೈಕು, ಬೆಳಗಿನ ಜಾವ ಬರುವ ಟೆಂಪೊ. ಉದ್ಘಾಟನೆ ಇಲ್ಲ, ರಿಬ್ಬನ್ ಇಲ್ಲ, ವಿರೋಧಿಸಲು ಒಂದು ತಾರೀಖು ಕೂಡ ಇಲ್ಲ. ವಿದೇಶಿ ಬಂಡವಾಳ ಇರುವ ಆನ್‌ಲೈನ್ ಕಂಪನಿ ತಾನೇ ದಾಸ್ತಾನು ಇಟ್ಟು ಮಾರುವಂತಿಲ್ಲ, ಮಾರುವವರಿಗೆ ವೇದಿಕೆ ಮಾತ್ರ ಆಗಿರಬೇಕು ಅಂತ 2018ರ ಡಿಸೆಂಬರ್‌ನ ಕೇಂದ್ರ ಸುತ್ತೋಲೆ ಬಿಗಿ ಮಾಡಿತು. ಗೋದಾಮಿನೊಳಗಿನ ಸಾಮಾನು ಯಾರ ಹೆಸರಲ್ಲಿದೆ ಅನ್ನೋದು ಹೊರಗಿನವರಿಗೆ ತಿಳಿಯುವುದಿಲ್ಲ.

ಅಡ್ಡರಸ್ತೆಯ ನಿವಾಸಿಗೆ ತಿಳಿಯಬಹುದಾದದ್ದು ಇಷ್ಟು. ಆ ಕಟ್ಟಡಕ್ಕೆ ಟ್ರೇಡ್ ಲೈಸೆನ್ಸ್ ಇದೆಯೇ? ಇದ್ದರೆ ಯಾವ ವ್ಯಾಪಾರಕ್ಕೆ ಅಂತ ಬರೆದಿದೆ, ಅಂಗಡಿ ಅಂತಲೋ, ಗೋದಾಮು ಅಂತಲೋ? ಅಂಗಡಿ ಅಂದರೆ ರಸ್ತೆ ಅಗಲದ ಒಂದು ನಿಯಮ, ಗೋದಾಮು ಅಂದರೆ ವಸತಿ ವಲಯದ ಇನ್ನೊಂದು ನಿಯಮ. 2003ರಲ್ಲಿ ಯಶವಂತಪುರದ ಬಾಗಿಲಲ್ಲಿ ಕೇಳಿದ್ದೂ ಇದೇ ಥರದ ಪ್ರಶ್ನೆ, ಒಳಗೆ ನಡೀತಿರೋದು ಸಗಟಾ ಚಿಲ್ಲರೆಯಾ ಅಂತ. ಆ ಲೈಸೆನ್ಸ್‌ನ ಪ್ರತಿಗೂ ಮಾಹಿತಿ ಹಕ್ಕಿನ ಶುಲ್ಕ 10 ರೂಪಾಯಿಯೇ.